ಕೊಡದೆ ಇಟ್ಟುಕೊಂಡ ಬೀಗದ ಕೈ

ಅತ್ತೆಮ್ಮಾ,

ಜೂಜುವಾಡಿಯ ನಮ್ಮ ಬಾಡಿಗೆ ಮನೆಗಳ ಸಾಲಿಗೆ ಹೊಸಬರು ಬಂದಾಗಲೆಲ್ಲ ನೀವು ಮಾಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹಾಲು ಉಕ್ಕಿಸಿದ ಮೇಲೆ ಬೀಗದ ಕೈಗಳನ್ನೆಲ್ಲ ವೀಳ್ಯದೆಲೆಯ ಮೇಲಿಟ್ಟು ಆ ಮನೆಯ ಹೆಣ್ಣುಮಗಳ ಕೈಗೆ ಕೊಡುತ್ತಿದ್ದಿರಿ. ಒಂದು ನಮ್ಮ ಹತ್ತಿರ ಇರಲಿ ಎಂದು ನಾನು ಗೊಣಗಿದರೆ, "ಬಾಡಿಗೆಗೆ ಕೊಟ್ಮೇಲೆ ಆ ಬಾಗ್ಲು ಅವ್ರ್ದು ಕಣಮ್ಮ. ನಾವೂ ಹೊರಗ್ನೋರೇ" ಅನ್ನುತ್ತಿದ್ದಿರಿ. ಮುದುಕಿಗೆ ಲೋಕ ಗೊತ್ತಿಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ನೀವು ಕಣ್ಣು ಮುಚ್ಚಿದ ಮೇಲೆ ಸಾಲಿನ ಕೊನೆಯ ಮನೆಗೆ ಸೆಲ್ವಿ ಬಂದಳು. ಧರ್ಮಪುರಿ ಕಡೆಯವಳು, ಗಂಡ ಹೆಂಡತಿ ಇಬ್ಬರಿಗೂ ಹೊಸೂರಿನ ಫ್ಯಾಕ್ಟರಿಗಳಲ್ಲಿ ಕೆಲಸ. ಹಾಲು, ವೀಳ್ಯದೆಲೆ ಎಲ್ಲ ನಿಮ್ಮಂತೆಯೇ ಮಾಡಿದೆ. ಒಂದು ಬೀಗದ ಕೈ ಮಾತ್ರ ಹೇಳದೆ ಇಟ್ಟುಕೊಂಡೆ. ಆಪತ್ತಿಗೆ ಇರಲಿ ಅಂತ, ಅಷ್ಟೇ... ನೀವಾದರೂ ನಂಬುತ್ತೀರಾ?

ಸ್ವಲ್ಪ ದಿನದ ಹಿಂದೆ ಅವಳೇ ಬಂದು, "ಅಕ್ಕಾ, ಒಳಗಡೆ ಚಿಲ್ಕ ಕಿತ್ತೋಗೈತೆ, ಆಚಾರೀನ ಕಳ್ಸಿ" ಅಂದಿದ್ದಳು. ನಾಳೆ ಅಂದೆ. ಮಾರನೆಯ ದಿನವೂ ನಾಳೆಯೇ ಅಂದೆ. ಪಾಪ, ರಾತ್ರಿ ಪಾಳಿ ಮುಗಿಸಿ ಬಂದು ಅವಳು ಮಲಗಿದರೆ, ಗಂಡ ತನ್ನ ಕೆಲಸಕ್ಕೆ ಹೊರಡುವಾಗ ಆಚೆಯಿಂದ ಬೀಗ ಹಾಕುತ್ತಿದ್ದನಂತೆ, ಯಾರೂ ಒಳಗೆ ಬಾರದಿರಲಿ ಎಂದು. ಇದು ನನಗೆ ತಿಳಿದದ್ದು ಆಮೇಲೆ.

ಹೋದ ವಾರ ಒಂದು ಬೆಳಿಗ್ಗೆ ಅವರ ಹೊಸ್ತಿಲಡಿಯಿಂದ ನೀರು ಅಂಗಳಕ್ಕೆ ಹರಿಯಿತು. ಬಾಗಿಲಿಗೆ ಬೀಗ. ನಲ್ಲಿ ಬಿಟ್ಟು ಹೋಗಿದ್ದಾರೆ, ಇಲ್ಲವೇ ಪೈಪ್ ಒಡೆದಿದೆ ಎಂದುಕೊಂಡೆ. ಮಾಳಿಗೆ ಹತ್ತಿ ಆ ಮನೆಯ ವಾಲ್ವ್ ತಿರುಗಿಸಿದ್ದರೆ ಸಾಕಿತ್ತು. ಮನೆಗೊಂದು ವಾಲ್ವ್ ನೀವು ಹಾಕಿಸಿದ್ದು ಅದಕ್ಕೇ ಅಲ್ಲವೇ? ಒಂದು ಫೋನ್ ಮಾಡಿದ್ದರೂ... ಆದರೆ ನನ್ನ ಬಳಿ ಬೀಗದ ಕೈ ಇತ್ತಲ್ಲ! ಪ್ಲಂಬರನನ್ನು ಕರೆದುಕೊಂಡು ಯಜಮಾನಿಯ ಗತ್ತಿನಲ್ಲಿ ನಡೆದೆ.

ಬಾಗಿಲು ತೆಗೆದ ಗಳಿಗೆಯನ್ನು ಹೇಗೆ ಬರೆಯಲಿ? ಸೆಕೆಗೆ ಬರೀ ಒಳಲಂಗದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಬಿಟ್ಟವಳಿಗೆ ಕಂಡದ್ದು ನನ್ನ ಹಿಂದಿದ್ದ ಗಂಡಸು. ಕಿರುಚಿ ದಿಂಬನ್ನು ಎದೆಗೆ ಅವುಚಿಕೊಂಡಳು. ಪ್ಲಂಬರ್ ಹೊರಗೋಡಿದ. ಮುದುಡಿಕೊಂಡೇ ಕೇಳಿದಳು: "ಬೀಗ ಹೆಂಗ್ ತಗುದ್ರಕ್ಕಾ? ಬೀಗದ ಕೈ ಎಲ್ಲಾ ನಮ್ಗೇ ಕೊಟ್ಟಿದ್ರಲ್ಲಾ?" ನಾನು ನೀರಿನ ಕಡೆ ಕೈ ತೋರಿಸಿದೆ. ಅವಳು ಕೇಳಿದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಚಿಕೆಯಿಂದ ಹಿಡಿಯಷ್ಟಾದೆ, ಅತ್ತೆಮ್ಮಾ. ಈಗಲೂ ಆ ಮನೆಯ ಮುಂದೆ ತಲೆಯೆತ್ತಿ ನಡೆಯಲಾರೆ.

ಅಂದೇ ಸಂಜೆ ಆಚಾರಿ ಬಂದ. ಚಿಲಕ ಹಾಕಿಸುವುದು ಎಷ್ಟು ಹೊತ್ತಿನ ಕೆಲಸ? ಬಚ್ಚಿಟ್ಟಿದ್ದ ಬೀಗದ ಕೈಯನ್ನು ಅವಳ ಗಂಡನಿಗೆ ಕೊಟ್ಟು ತಪ್ಪಾಯಿತು ಅಂದೆ. "ಆಗಿದ್ದಾಯ್ತು ಬುಡಿ. ಆದ್ರೆ ಅವ್ಳು ಇನ್ ಇಲ್ಲಿ ಮಲಗಾಕಿಲ್ಲ ಅಂತಾವ್ಳೆ. ಬೇರೆ ಮನೆ ನೋಡ್ಕತೀವಿ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಇವತ್ತು ಅತ್ತಿಬೆಲೆಯಿಂದ ಫೋನ್ ಬಂತು, ಅವರಿಗೆ ಮನೆ ಕೊಡಬೇಕೆಂದಿರುವ ಯಜಮಾನರದು. ಜನ ಹೇಗೆ ಎಂದು ವಿಚಾರಿಸಿದರು. ಚಿನ್ನದಂಥವರು ಅಂದೆ. "ಮತ್ತೆ ಅಂಥೋರ್ನ ಯಾಕಮ್ಮ ಬುಡ್ತಾ ಇದ್ದೀರಾ?" ನೆಪವೊಂದು ನಾಲಿಗೆಯ ತುದಿಗೇ ಬಂದಿತ್ತು. ನಿಮ್ಮ ಮಗನಿಗೂ ನಾನು ಪೂರ್ತಿ ಹೇಳಿಲ್ಲ.

"ಆ ಹುಡುಗಿ ಒಳಗೆ ಮಲಗಿದ್ದಾಗ ನಾನು ಕೇಳ್ದೆ ಬಾಗ್ಲು ತಗುದ್ಬುಟ್ಟೆ. ಅದ್ಕೇ ಹೋಗ್ತಾವ್ರೆ" ಅಂದೆ.

"ಹಂಗಾದ್ರೆ ಮನೆ ಅವ್ರ್ಗೇ ಕೊಡ್ತೀನಿ" ಎಂದು ಅವರು ಫೋನ್ ಇಟ್ಟರು.

ನಿಮ್ಮ ಸೊಸೆ