ಉತ್ತರ ಬರೆಯದ ದಿನಗಳು

ಮಾರ್ಚ್ ೧೪, ಗುರುವಾರ

ನನ್ನ ಮುದ್ದು ಪುಟ್ಟಿ,

ಬರೆಯುತ್ತೇನೆ ಎಂದು ಹೇಳಿ ತಿಂಗಳಾಯಿತು, ಬೈದುಕೋ. ನೀನಂತೂ ಬರೆಯುವುದನ್ನೇ ಬಿಟ್ಟಿದ್ದೀಯ. ನಿನ್ನ ಭಾವ ಕ್ಷೇಮ. ನಾನು ಮಾತ್ರ ನಿನ್ನೆಯಿಂದ ತಲೆಯೊಳಗೆ ಹುಳ ಬಿಟ್ಟುಕೊಂಡು ಕೂತಿದ್ದೇನೆ.

ಇಲ್ಲಿ ಸಂಶೋಧಕರಿಗೆ ಪ್ರೋಗ್ರಾಂ ಬರೆಯುವ ನಾವು ನಾಲ್ವರು ಬುಧವಾರ ಚಹಾದ ಹೊತ್ತಿಗೆ ಒಬ್ಬರ ಕೋಡನ್ನು ಇನ್ನೊಬ್ಬರು ಓದುತ್ತೇವೆ. ಸಾಹೇಬರ ಅಪ್ಪಣೆಯಿಲ್ಲ, ವರದಿ ಗಿರದಿ ಇಲ್ಲ. ನಿಯಮ ಒಂದೇ: ಓದುವವರು ಸಾಲು ಸಾಲಾಗಿ, ಅಜ್ಜಿಗೆ ಹೇಳಿದ ಹಾಗೆ, ಅರ್ಥ ಹೇಳಬೇಕು, ಬರೆದವರು ತುಟಿ ಬಿಚ್ಚುವಂತಿಲ್ಲ. ನನಗೆ ಅದೆಂಥ ಶಿಕ್ಷೆ ಅಂತ ನಿನಗೆ ಗೊತ್ತಲ್ಲ!

ನಿನ್ನೆ ನನ್ನ ಸರದಿ. ಹೊಸ ನೋವಿನ ಮಾತ್ರೆಯ ಲೆಕ್ಕ. ರೋಗಿಗಳು ದಿನಾ ತಮ್ಮ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯುತ್ತಾರೆ; ಮಾತ್ರೆ ನಾಟಿತೋ ಇಲ್ಲವೋ ನನ್ನ ಪ್ರೋಗ್ರಾಂ ಹೇಳುತ್ತದೆ. ಭೇಷಾಗಿ ನಾಟಿದೆ ಎಂದೇ ಹೇಳಿತ್ತು. ಸೋಮವಾರ ಫಲಿತಾಂಶ ಹೊರಟರೆ, ಆಮೇಲೆ ವಾರ್ಡುಗಳಲ್ಲೆಲ್ಲ ಅದೇ ಮಾತ್ರೆ.

ಓದಿದವನು ನಕ್ಷತ್ರಗಳ ಲೆಕ್ಕ ಬರೆಯುವವನು. ಕೇಳಿ ಕೇಳಿ ಜೀವ ತಿನ್ನುತ್ತಾನೆಂದು ಅವನಿಗೆ ‘ಪ್ರಶ್ನೆಪತ್ರಿಕೆ’ ಎಂದೇ ಹೆಸರು. ಬಿಸ್ಕತ್ತು ಅಗಿಯುತ್ತಾ ಓದಿದ: “ಅಂಕ ಬರೆದಿಲ್ಲ ಅಂದ್ರೆ ಸೊನ್ನೆ ಅಂತ ಹಿಡೀಬೇಕು. ಅಂದ್ರೆ... ಬರೀದೇ ಇದ್ದೋರಿಗೆ ನೋವೇ ಇಲ್ಲ. ಹೌದಾ ಅಕ್ಕಾ?”

ನಾನು ತುಟಿ ಕಚ್ಚಿ ಕೂತೆ.

“ಯಾಕೆ ಬರೀಲಿಲ್ಲ ಅವ್ರು? ಹಿಂದಿನ ದಿನ ಏನ್ ಬರೆದಿದ್ರು, ನೋಡೋಣ್ವಾ?”

ನೋಡಿದೆವು. ಏಳು, ಎಂಟು, ಒಂಬತ್ತು, ಆಮೇಲೆ ಖಾಲಿ. ಇನ್ನೊಬ್ಬರದೂ ಹಾಗೇ, ಮತ್ತೊಬ್ಬರದೂ. ನೋವು ತಡೆಯಲಾಗದಾಗ ಪೆನ್ನು ಯಾರು ಹಿಡಿಯುತ್ತಾರೆ ಹೇಳು? ಅಯ್ಯೋ ಪಾಪ ಅನ್ನಿಸಿತು.

ಖಾಲಿ ಇದ್ದಲ್ಲೆಲ್ಲ ‘ಗೊತ್ತಿಲ್ಲ’ ಎಂದು ತಿದ್ದಿ ಓಡಿಸಿದೆ. ಮಾತ್ರೆಯ ಬಂಡವಾಳ ಬಯಲಾಯಿತು: ನಾಟಿದೆ ಎನ್ನಲು ಆಧಾರವೇ ಇಲ್ಲ. ಸಾಹೇಬರು ಕೆಂಡಾಮಂಡಲ, ಸೋಮವಾರ ಏನೂ ಹೊರಡುವುದಿಲ್ಲ. ನನಗೋ, ಖಾಲಿಯನ್ನು ಸೊನ್ನೆ ಎಂದು ಓದಲು ನನಗೆ ಯಾರು ಕಲಿಸಿದರು ಎಂಬುದೇ ಯೋಚನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಬರೆಯಹೋಗಿ ಕೈ ನಿಂತಿತು. ತಲೆ ಸವರಿದ್ದೇನೆ ಅಂದುಕೋ.

ನಿನ್ನ
ಅಕ್ಕ

ಮತ್ತೆ: ಮಗು ಹೋದ ಮೇಲೆ ನೀನು ಒಂದಕ್ಷರ ಬರೆಯಲಿಲ್ಲ. “ಏನೂ ಹೇಳ್ತಿಲ್ಲ, ಸುಧಾರಿಸ್ಕೊಂಡಿದ್ದಾಳೆ” ಅಂದರು ಅಮ್ಮ. ನಾವೆಲ್ಲ ಹೂಂಗುಟ್ಟಿದೆವು. ನನಗೆ ಗೊತ್ತಿಲ್ಲ ಪುಟ್ಟೀ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ತುಟಿ ಬಿಚ್ಚದೆ ಕೂತಿರುತ್ತೇನೆ, ನೀನು ಹೇಳು. ಹೇಳಲಾಗದಿದ್ದರೆ ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತೇನೆ.