ಸತ್ತ ರೈತರ ನೆರಳು

ನ್ಯೂರೆಂಬರ್ಗ್, ೯ ಮೇ ೧೮೪೮, ಮಂಗಳವಾರ

ನಮ್ಮ ಓದುಕೂಟದ ಕರಪತ್ರ ಬರೆಯುವ ಕೆಲಸ ನನಗೆ ಸಿಗಲಿಲ್ಲ, ಅಚ್ಚುಕೂಟದ ಬಾಲ್ಟಸ್‌ಗೆ ಹೋಯಿತು. ಬಿಯರನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಕರಪತ್ರದ ವಿಷಯವಾಗಿ ಮೇಜಿನ ಮೇಲಿದ್ದದ್ದು ಮುನ್ನೂರು ವರ್ಷ ಹಿಂದಿನ ರೈತದಂಗೆಯ ಕೊನೆಯ ಕಾಳಗದ ಚಿತ್ರ, ತಾಮ್ರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ್ದು. ಕುದುರೆ ಏರಿದ ಪ್ರಭುವಿನ ಕವಚದ ತುಂಬ ಒತ್ತಾದ ಅಡ್ಡಗೆರೆಗಳು, ಗಾಢ ನೆರಳು. ಸತ್ತು ಬಿದ್ದ ರೈತರಿಗೆ ಬರೀ ಹೊರಗೆರೆ. ಕೆತ್ತಿದವನು ಪ್ರಭುವಿನ ಎಂಜಲು ತಿಂದವನು, ರೈತನಿಗೆ ನೆರಳನ್ನೂ ಕೊಡಲಿಲ್ಲ ಎಂದು ನಾನು ಎದ್ದು ನಿಂತು ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಬಾಲ್ಟಸ್ ಚಿತ್ರವನ್ನು ದೀಪದ ಹತ್ತಿರ ಹಿಡಿದ. "ಕೊಟ್ಟಿದ್ದ ಕಣೋ. ತಾಮ್ರದಲ್ಲಿ ಸಣ್ಣ ಗೆರೆ ಮೊದಲು ಸವೆಯುತ್ತೆ. ಎಷ್ಟೋ ಪ್ರತಿ ತೆಗೆದಿದಾರೆ. ಆಮೇಲೆ ಯಾರೋ ಪ್ರಭುನ ಮಾತ್ರ ಮತ್ತೆ ಕೆತ್ತಿಸಿದಾರೆ."

"ನಿಂದು ಭಾಷಣ, ಅವನದು ನೋಟ. ಅವನೇ ಬರೀಲಿ ಬಿಡು," ಎಂದಳು ಕೂಟದ ಓಟೀಲಿಯ. ಎಲ್ಲರೂ ನಕ್ಕರು. ಬಾಲ್ಟಸ್ ಮಾತ್ರ ನಗಲಿಲ್ಲ. ಅದೇ ಇನ್ನೂ ಉರಿಯುತ್ತಿದೆ.

ನಾನು ಪುಸ್ತಕಕ್ಕೆ ರಟ್ಟು ಕಟ್ಟುವವನೆಂದು ಚಿತ್ರವನ್ನು ರಟ್ಟಿಗೆ ಅಂಟಿಸಲು ನನಗೇ ಕೊಟ್ಟರು. ಬಾಲ್ಟಸ್‌ನ ತಪ್ಪು ಹುಡುಕಲೆಂದೇ ಭೂತಗನ್ನಡಿ ಹಿಡಿದು ಕೂತೆ. ಮುಂದೆ ಬಿದ್ದಿರುವ ರೈತನ ಕೆನ್ನೆಯ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು ಅಲ್ಲಲ್ಲಿ ಉಳಿದಿವೆ. ರೆಪ್ಪೆಗೂದಲೂ ಇದೆ. ಯಾರೋ ಅವನನ್ನು ಅಕ್ಕರೆಯಿಂದ ಕೆತ್ತಿದ್ದಾರೆ.

ಬಾಲ್ಟಸ್ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಮತ್ತು ಅವನಿಗೆ ಇದು ಕಂಡಿಲ್ಲ. ಬೆಳಿಗ್ಗೆ ಕರಪತ್ರ ಅಚ್ಚಿಗೆ ಹೋಗುತ್ತದೆ. ಸತ್ಯ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಕೂಗಾಡುವವನು ನಾನೇ. ಹೇಳಲೇಬೇಕು, ಹೇಳುತ್ತೇನೆ. ಆದರೆ ಮೊದಲು ಕಂಡವನು ನಾನು ಎಂಬ ಮಾತನ್ನು ಸೇರಿಸದೆ ಹೇಳುವುದು ಹೇಗೆಂದು ಮಾತ್ರ ಇನ್ನೂ ತಿಳಿಯುತ್ತಿಲ್ಲ.