ಗೋಡೆಗೆ ಹಾಕದ ಚಿತ್ರಗಳು

ಮಾರ್ಚ್ 3, ಬೆಳಿಗ್ಗೆ 7

ನಾನು ಕೊಳ್ಳಿ ಎಂದ ಗುಲಾಬಿ ಬಣ್ಣ ಬೆಳಕಿಗೆ ಮಾಸಿಹೋಗುತ್ತದೆ. ಎರಡು ವರ್ಷದಿಂದ ಜನರಿಗೆ ಅದನ್ನೇ ಹೇಳುತ್ತಿದ್ದೇನೆ. ತಪ್ಪು ನನ್ನದು.

ಎದ್ದು ಬ್ರಷ್ ತೊಳೆದು, ಎಂದಿನಂತೆ ವಿಡಿಯೊ ಪಾಠದ ಕೆಳಗಿನ ಕಾಮೆಂಟ್ ಓದುತ್ತಿದ್ದೆ. ಬಸ್ ಕಂಡಕ್ಟರ್ ಒಬ್ಬರು ಬರೆದಿದ್ದರು. ಕೊನೇ ಸ್ಟಾಪಿನಲ್ಲಿ ಬಸ್ ನಿಂತಾಗ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಚಿತ್ರ ಬರೆಯುವವರು. ನನ್ನ ಅಪ್ಪನ ವಯಸ್ಸು. ಆದರೂ ಮೇಷ್ಟ್ರೇ ಎನ್ನುತ್ತಾರೆ.

"ಮೇಷ್ಟ್ರೇ, ಹೆಂಡತಿ ಚಿತ್ರ ಮಾಡಿ ಹಾಲ್‌ನಲ್ಲಿ ಹಾಕಿದ್ದೆ. ವರ್ಷ ತುಂಬೋದ್ರೊಳಗೆ ಕೆನ್ನೆ ಬೆಳ್ಳಗಾಯ್ತು, ತುಟೀನೂ. ನೀವು ಹೇಳಿದ ಗುಲಾಬೀನೇ ಹಾಕಿದ್ದು. ನೀರು ಜಾಸ್ತಿ ಮಾಡಿದ್ನೇನೋ. ನನ್ನ ಕೈಗುಣಾನೇ ಸರಿಯಿಲ್ಲ. ಬ್ರಷ್ಷೆಲ್ಲ ಅಟ್ಟಕ್ಕೆ ಹಾಕ್ಬಿಟ್ಟೆ. ಆದ್ರೂ ಎಲ್ಲಿ ತಪ್ಪಿದೆ ಅಂತ ಹೇಳಿ."

ಕೆಳಗೆ ಫೋಟೊ. ಕಣ್ಣಿನಲ್ಲಿ ಜೀವ ತುಳುಕುತ್ತಿದೆ. ಮುಖ ಮಾತ್ರ ಜ್ವರ ಬಿಟ್ಟೆದ್ದವರ ಹಾಗೆ.

ತಮ್ಮ ಕೈಗುಣವಂತೆ…

ಅದೇ ದಿನ, ಸಂಜೆ

ಟ್ಯೂಬ್ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಾಸಿವೆಯಷ್ಟು ಚಿಕ್ಕ ಒಂದೇ ನಕ್ಷತ್ರ. ಮೂರಿದ್ದರೆ ಬಣ್ಣ ಬೆಳಕಿಗೆ ನಿಲ್ಲುತ್ತದೆ. ಒಂದಿದ್ದರೆ ಇಲ್ಲ.

ಇದನ್ನು ಮಾರುವ ಆನ್‌ಲೈನ್ ಅಂಗಡಿಗೆ ಮೊದಲೇ ಹತ್ತೊಂಬತ್ತು ಪ್ರಶ್ನೆ ಬರೆದು ಕಳಿಸಿದ್ದೆ. ಬ್ರಷ್‌ಗೆ ಯಾವ ಪ್ರಾಣಿಯ ಕೂದಲು? ಪ್ಯಾಕಿಂಗ್ ಮಾಡುವ ಹೆಂಗಸರಿಗೆ ವಾರದ ರಜೆ ಇದೆಯೇ? ಉತ್ತರ ಸರಿ ಬಂದ ಮೇಲೆಯೇ ವಿಡಿಯೊ ಕೆಳಗೆ ಅವರ ಲಿಂಕ್ ಹಾಕಿದ್ದು — ಅದನ್ನು ಒತ್ತಿ ಯಾರಾದರೂ ಕೊಂಡರೆ ನನಗೆ ಕಮಿಷನ್. "ಯಾರ ಬೆವರು ಎಂದು ಕೇಳದೆ ಏನನ್ನೂ ಮುಟ್ಟಬೇಡ." ಕಾಲೇಜಿನಲ್ಲಿ ನಾವು ಹಂಚುತ್ತಿದ್ದ ಕರಪತ್ರದ ಸಾಲು. ಕೆಂಪು ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೇನೆ. ಬಣ್ಣ ಮಾಡುವವರ ಬೆವರು ಕೇಳಿದೆ. ಬಣ್ಣ ಹಚ್ಚುವವರದು ತಲೆಗೇ ಬರಲಿಲ್ಲ. ಎಷ್ಟು ದಿನ ಉಳಿಯುತ್ತದೆ ಎಂಬುದು ಹತ್ತೊಂಬತ್ತರಲ್ಲಿ ಇರಲೇ ಇಲ್ಲ.

ಬೀರು ತೆಗೆದೆ. ಅದೇ ಗುಲಾಬಿಯ ನನ್ನ ಚಿತ್ರಗಳು ಒಂದೂ ಮಾಸಿಲ್ಲ! ಹೇಗೆ ಮಾಸೀತು? ವಿಡಿಯೊ ಮುಗಿದ ಕೂಡಲೇ ಫೈಲಿಗೆ ಸೇರಿಸಿ ಒಳಗಿಡುತ್ತೇನೆ. ಒಂದನ್ನಾದರೂ ಗೋಡೆಗೆ ಹಾಕಿ ಅದರ ಎದುರು ಬದುಕಿದವನಲ್ಲ. ಕಂಡಕ್ಟರ್ ಹಾಕಿದರು.

ಮಾರ್ಚ್ 4

ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ವೆಬ್ ಪುಟದಲ್ಲಿ ಒಂದು ಸಾಲು ಸೇರಿಸಿ, ಈ ಬಣ್ಣ ಮಾಸುತ್ತದೆ ಅಂತ, ಎಂದೆ.

"ಸರ್, ಟ್ಯೂಬ್ ಮೇಲೆ ಗುರುತಿದೆಯಲ್ಲ. ಮಾಸುತ್ತೆ ಅಂತ ಬರೆದ್ರೆ ಯಾರ್ ಸರ್ ತಗೋತಾರೆ?"

"ಅದಕ್ಕೇ ಬರೀರಿ ಅಂತಿರೋದು."

ಫೋನ್ ಎತ್ತಿದಾಕೆ ನಕ್ಕರು. ತಮಾಷೆ ಎಂದುಕೊಂಡರೇನೋ.

ನಲವತ್ತೊಂದು ವಿಡಿಯೊಗಳಿಂದಲೂ ಲಿಂಕ್ ಕಿತ್ತೆ. ಆಮೇಲೆ ಬಹಿರಂಗ ಪತ್ರ. ಆರು ಪುಟ. "ಲಾಭಕೋರರೇ" ಎಂದು ಶುರು. ಅತ್ತಿಗೆಗೆ ಓದಿ ಹೇಳಿದೆ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿಸಿಕೊಂಡರು.

"ಜೋರಾಗಿದೆ ಕಣೋ ನಿನ್ನ ಕ್ರಾಂತಿ. ಆ ಕಂಡಕ್ಟರ್‌ಗೆ ಉತ್ತರ ಬರೆದ್ಯಾ?"

"ಇನ್ನೂ ಇಲ್ಲ."

"ಊರಿಗೆಲ್ಲ ಕೂಗೋಕೆ ಆರು ಪುಟ, ಆ ಮನುಷ್ಯನಿಗೆ ಒಂದು ಸಾಲಿಲ್ಲ. ಪಾಪ, ತನ್ನ ಕೈನೇ ಬೈಕೊಂಡು ಕೂತಿರ್ತಾನೆ."

"ಹೇಗೆ ಹೇಳ್ಲಿ ಅತ್ತಿಗೆ?"

"ಬಾಯಲ್ಲಿ."

ಮಾರ್ಚ್ 9

ನಾಲ್ಕು ದಿನ ಇಲ್ಲಿ ಬರೆಯಲಿಲ್ಲ. ಕಂಡಕ್ಟರ್‌ಗೂ ಬರೆಯಲಿಲ್ಲ. ಬರಿಗೈಯಲ್ಲಿ ಹೇಗೆ ಹೇಳಲಿ, ನಿಲ್ಲುವ ಬಣ್ಣ ಹುಡುಕಿಯೇ ಹೇಳುತ್ತೇನೆ ಎಂದುಕೊಂಡೆ. ನೆಪ. ಗೊತ್ತು.

ಮೂರು ಬೀದಿ ಆಚೆ ಒಬ್ಬಾಕೆ ತಾವೇ ಬಣ್ಣ ಅರೆದು ಮಾರುತ್ತಾರೆ. ಅಂಗಡಿಯ ಗಾಜಿನ ತುಂಬ ಕಾಗದದ ಪಟ್ಟಿಗಳು, ಬಣ್ಣಕ್ಕೊಂದು. ಪಟ್ಟಿಯ ಅರ್ಧ ಭಾಗ ಬಿಸಿಲಿಗೆ, ಅರ್ಧಕ್ಕೆ ಕಪ್ಪು ಕಾಗದದ ಮುಚ್ಚಳ. ಕೆಳಗೆ ತಾರೀಖು. ಮಾಸಿದವನ್ನೂ ತೆಗೆದಿಲ್ಲ, ಎದುರಿಗೇ ಅಂಟಿಸಿದ್ದಾರೆ. ಒಂದು ಗುಲಾಬಿ, ಮೂರು ವರ್ಷ ಹಳೆಯದು. ಮುಚ್ಚಳ ಎತ್ತಿದೆ. ಎರಡು ಅರ್ಧವೂ ಒಂದೇ.

"ನಿಮ್ಮ ಲಿಂಕ್ ಹಾಕ್ಲಾ ಅಮ್ಮಾ? ಸಾವಿರಾರು ಜನ ನೋಡ್ತಾರೆ."

"ಎಷ್ಟು ದಿನ ಬಳಸಿದೀಯ?"

"ಇವತ್ತೇ ನೋಡಿದ್ದು."

"ಇವತ್ತು ನೋಡಿ ಇವತ್ತೇ ಹೊಗಳೋಕೆ ನೀನೇನು ಮದುವೆ ದಲ್ಲಾಳಿನಾ? ಒಂದು ಟ್ಯೂಬ್ ತಗೊಂಡ್ಹೋಗು. ಬರೆದು ಗೋಡೆಗೆ ಹಾಕು. ವರ್ಷ ಬಿಟ್ಟು ಬಾ, ಮಾತಾಡೋಣ."

ಮನೆ ಮುಟ್ಟುವ ತನಕ ಸಿಟ್ಟು. ಮೆಟ್ಟಿಲು ಹತ್ತುವಾಗ ಇಳಿಯಿತು. ನಾನು ಲಿಂಕ್ ಹಾಕಬೇಕಾದದ್ದು ಇಂಥವರದನ್ನೇ.

ಮಾರ್ಚ್ 10, ಬೆಳಿಗ್ಗೆ 11

ಕಾಮೆಂಟಿನಲ್ಲಿ ನಂಬರ್ ಕೇಳಿ, ಕಂಡಕ್ಟರ್‌ಗೆ ಫೋನ್ ಮಾಡಿಬಿಟ್ಟೆ. ಕೊನೇ ಸ್ಟಾಪಿನಲ್ಲಿದ್ದರು. ಹಿಂದೆ ಇಂಜಿನ್ ಗುರುಗುಟ್ಟುತ್ತಿತ್ತು.

ಬಣ್ಣವೇ ಮಾಸುವಂಥದು, ನೋಡದೆ ಹೇಳಿದೆ, ನಿಮ್ಮ ಕೈಯದೇನೂ ತಪ್ಪಿಲ್ಲ ಎಂದೆ. ಬೈಗುಳಕ್ಕೆ ಕಾದೆ.

"ಹಾಗಾದ್ರೆ… ನಾನು ಸರಿಯಾಗೇ ಬರೆದಿದ್ನಾ ಮೇಷ್ಟ್ರೇ?"

"ಸರಿಯಾಗೇ ಬರೆದಿದ್ರಿ."

"ಕೆನ್ನೇನೂ?"

"ಕೆನ್ನೇನೂ."

ಅಷ್ಟೇ ಸಾಕಾಯಿತು ಅವರಿಗೆ. ಡ್ರೈವರ್‌ಗೆ ಕೂಗಿ ಹೇಳುತ್ತಿದ್ದರು — "ನಂದಲ್ವಂತೆ ಕಣಯ್ಯಾ, ಬಣ್ಣದ್ದಂತೆ!" ನಾನು ಮೂಗೆಳೆದುಕೊಂಡೆ.

"ಯಾಕೆ ಮೇಷ್ಟ್ರೇ, ನೆಗಡಿನಾ?"

"ಹೂಂ, ನೆಗಡಿ."

ಮಾರ್ಚ್ 11

ಆರು ಪುಟ ಹರಿದೆ. ಎರಡು ನಿಮಿಷದ ವಿಡಿಯೊ ಹಾಕಿದೆ. ಗುಲಾಬಿ ಮಾಸುತ್ತದೆ, ಕೊಳ್ಳಿ ಎಂದವನು ನಾನು, ಕಮಿಷನ್ ತೆಗೆದುಕೊಂಡವನೂ ನಾನು. ಇನ್ನು ವರ್ಷವಿಡೀ ಬಿಸಿಲಿಗಿಟ್ಟು ನೋಡದ ಯಾವ ಬಣ್ಣಕ್ಕೂ ಲಿಂಕ್ ಇಲ್ಲ. ಚಿತ್ರ ಕಳೆದುಕೊಂಡವರು ಬರೆಯಿರಿ.

ಸಂಜೆಯೊಳಗೆ ಇಪ್ಪತ್ತಾರು ಜನ ಬರೆದರು. ಕೆಲವರು ಉಗಿದಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದೇನೆ. ಅತ್ತಿಗೆ ಕೇಳದೆಯೇ ಟೀ ತಂದಿಟ್ಟರು.

ಮಾರ್ಚ್ 12

ಕಂಡಕ್ಟರ್ ಫೋನ್. ಮಧ್ಯದಲ್ಲೇ ಅವರ ಹೆಂಡತಿ ಕಿತ್ತುಕೊಂಡರು.

"ನೀನೇನಪ್ಪಾ ಮೇಷ್ಟ್ರು? ಹನ್ನೊಂದು ಭಾನುವಾರ ಕತ್ತು ಅಲ್ಲಾಡಿಸದೆ ಕೂತಿದ್ದೆ. ಬಸ್ಸಲ್ಲಿ ಗದರೋ ಹಾಗೇ ಗದರ್ತಾರೆ, 'ಮುಂದೆ ನೋಡಮ್ಮಾ, ಮುಂದೆ ನೋಡು' ಅಂತ."

"ಕ್ಷಮಿಸಿ ಅಮ್ಮಾ. ಮತ್ತೆ ಕೂರಬೇಕಾಗುತ್ತೆ…"

"ಕೂರ್ತೀನಿ ಬಿಡು." ದನಿ ತಗ್ಗಿತು. "ಅವರು ಅಷ್ಟು ಹೊತ್ತು ನನ್ನ ಮುಖ ನೋಡೋದು ಇನ್ಯಾವಾಗ?"

ಬಣ್ಣ ಅರೆಯುವಾಕೆಯಿಂದ ತಂದ ಗುಲಾಬಿ ಒಯ್ಯುತ್ತೇನೆ, ಕೆನ್ನೆ ಕಂಡಕ್ಟರೇ ಬರೆಯುತ್ತಾರೆ. ನಾನು ನೀರು ಬದಲಾಯಿಸಿಕೊಡುತ್ತೇನೆ, ಅಷ್ಟೇ. ಬೆಳಕು ಚೆನ್ನಾಗಿರುವಾಗ ಬಾ ಎಂದರು ಅವರ ಹೆಂಡತಿ. ಭಾನುವಾರ, ಬೆಳಿಗ್ಗೆ ಎಂಟೂವರೆ, ಅವರ ಮನೆಯ ಹಾಲ್‌ನಲ್ಲಿ.